ಒಂದು ಹಿಡಿ ಜೋಳ ಬೀಸುವುದರೊಳಗೆ

ನಮ್ಮ ಮನೆಯಲ್ಲಿ ಬಂದೂಕಿನ ತಾಲೀಮು ನಡೆಯುತ್ತಿದ್ದುದು ಅಡುಗೆಮನೆಯಲ್ಲಿ. ಈಗ ಹೇಳಿದರೆ ನಗುತ್ತಾರೆ. ಆದರೆ ರಂಗಂಪೇಟೆಯ ಕೊನೆಗೆ, ಶಹಾಪುರದ ದಾರಿಗೆ ಮುಖ ಮಾಡಿ ನಿಂತಿದ್ದ ಆ ಮಾಳಿಗೆ ಮನೆಯಲ್ಲಿ ಹೊರಗಿನವರ ಕಣ್ಣು ಹಾಯದ ಕೋಣೆ ಅದೊಂದೇ. ಕಿಟಕಿ ಇರಲಿಲ್ಲ. ಮೇಲೆ ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ; ಒಲೆಯ ಹೊಗೆ ಹೋಗುತ್ತಿದ್ದುದೂ ಬಿಸಿಲು ಬರುತ್ತಿದ್ದುದೂ ಅದರಿಂದಲೇ. ಒಂದು ಮೂಲೆಗೆ ಒಲೆ, ಇನ್ನೊಂದು ಮೂಲೆಗೆ ಬೀಸುವ ಕಲ್ಲು, ನಡುವೆ ನಾವು ಉಣ್ಣುವ ಜಾಗ. ಹೊತ್ತು ಏರಿದಂತೆ ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಬಿಲ್ಲೆ ಗೋಡೆಯಿಂದ ಇಳಿದು, ನೆಲದ ಮೇಲೆ ಹರಿದು, ಒಲೆಯ ಹತ್ತಿರ ಬರುತ್ತಿತ್ತು. ಆ ಬಿಲ್ಲೆಯೇ ನನ್ನ ಅಣ್ಣ ಹಣಮಂತನ ಗುರಿ. ಬಂದೂಕಿನ ತುದಿಗೆ ನೀರು ತುಂಬಿದ ತಂಬಿಗೆಯನ್ನು ತೂಗುಹಾಕಿ, ಅದರಿಂದ ಹನಿ ಚೆಲ್ಲದಂತೆ, ಸರಿಯುವ ಬಿಲ್ಲೆಗೆ ಗುರಿ ಹಿಡಿದು ಅವನು ನಿಂತಿರಬೇಕು. ತೋಳು ಥರಥರ ಅನ್ನುತ್ತಿತ್ತು. ಹಣೆಯ ಬೆವರು ಕಣ್ಣಿಗೆ ಇಳಿದರೂ ರೆಪ್ಪೆ ಬಡಿಯುವಂತಿರಲಿಲ್ಲ.

ಅದು ನಿಜಾಮರ ಆಳ್ವಿಕೆಯ ಕೊನೆಗಾಲ. ಅತ್ತ ದೇಶಕ್ಕೆ ಸ್ವಾತಂತ್ರ್ಯ ಬಂದಿದೆ ಎಂದು ಕೇಳಿದ್ದೆವು. ನಮ್ಮ ಕಡೆಗೆ ಬಂದದ್ದು ಹೆದರಿಕೆ ಮಾತ್ರ. ಕುದುರೆಯ ಮೇಲೆ ಬಂದು ದನ, ಕುರಿ, ಕಾಳು ಹೊಡೆದುಕೊಂಡು ಹೋಗುವವರ ಗುಂಪುಗಳು ಅಲ್ಲಲ್ಲಿ ತಿರುಗುತ್ತಿದ್ದವು. ಅವರು ಯಾವ ಪೈಕಿಯವರು ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ನಮ್ಮದು ಕುರಿ ಸಾಕುವ ಮನೆ. ಮನೆಗೆ ಹೊಂದಿಕೊಂಡಂತೆ ಕಲ್ಲಿನ ಗೋಡೆಯ ಹಟ್ಟಿ. ಊರಿಗೆ ಬರುವವರಿಗೆ ಮೊದಲು ಸಿಗುವ ಮನೆ ನಮ್ಮದೇ. ನಮ್ಮ ಅಜ್ಜ, ಮುತ್ಯಾ, ಬದುಕಿದ್ದಾಗ ಹಂದಿ ಬೇಟೆಗೆ ಒಯ್ಯುತ್ತಿದ್ದ ಹಳೆಯ ಬಂದೂಕೊಂದು ಕೌದಿಗಳ ನಡುವೆ ಸುತ್ತಿಟ್ಟದ್ದು ಇತ್ತು. ಅಪ್ಪ ಅದನ್ನು ಹೊರಗೆ ತೆಗೆದ. ಬಂದೂಕು ಇದೆ ಎಂದು ಗೊತ್ತಾದರೆ ಅದನ್ನು ಕಸಿಯಲೆಂದೇ ಯಾರಾದರೂ ಬರುತ್ತಾರೆ ಎಂಬ ಅಂಜಿಕೆಗೆ ತಾಲೀಮು ಅಡುಗೆಮನೆ ಸೇರಿತು.

ಆ ಬಂದೂಕು ಈಗಿನವುಗಳಂತೆ ಅಲ್ಲ. ಒಂದು ಸಲ ಹಾರಿಸಿದರೆ ಮತ್ತೆ ಕೊಳವೆಯ ಬಾಯಿಂದ ತುಂಬಬೇಕು. ಮೊದಲು ಕೊಂಬಿನಿಂದ ಕರಿ ಮದ್ದು ಸುರಿಯಬೇಕು. ಮೇಲೆ ಚಿಂದಿ, ಅದರ ಮೇಲೆ ಸೀಸದ ಗುಂಡು, ಮತ್ತೆ ಚಿಂದಿ. ಗಜ ಎಂಬ ಉದ್ದನೆಯ ಕಬ್ಬಿಣದ ಸಲಾಕೆಯಿಂದ ಅಷ್ಟನ್ನೂ ಒತ್ತಿ ಕೂಡಿಸಬೇಕು. ಆಮೇಲೆ ಹಿಂದೆ, ಕುದುರೆ ಎನ್ನುವ ಸಣ್ಣ ಸುತ್ತಿಗೆ ಬಡಿಯುವ ಕಡೆ, ತಾಮ್ರದ ಸಣ್ಣ ಟೋಪಿ ತೊಡಿಸಬೇಕು. ಟೋಪಿಯ ಕಿಡಿ ಮದ್ದಿಗೆ ತಾಗಿದರೆ ಮಾತ್ರ ಗುಂಡು ಹೋಗುತ್ತದೆ. ಇದಿಷ್ಟನ್ನೂ ಹೆದರಿದ ಕೈಯಿಂದ, ಜನ ಕೂಗುತ್ತಿರುವಾಗ, ನೋಡದೆಯೇ ಮಾಡಲು ಬರಬೇಕು.

ಕಲಿಸಿದವಳು ಆಯಿ, ಅಪ್ಪನ ಅವ್ವ. ಮುತ್ಯಾನ ಜೊತೆ ಬೇಟೆಗೆ ಹೋಗಿ ಬಂದೂಕು ತುಂಬಿ ಕೊಡುತ್ತಿದ್ದವಳು. ಅವಳು ತಾಲೀಮನ್ನು ಬೀಸುವ ಕಲ್ಲಿನಿಂದ ಅಳೆಯುತ್ತಿದ್ದಳು. ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕಿ ಬೀಸಲು ಶುರು ಮಾಡಿದರೆ ಆ ಹಿಡಿ ಹಿಟ್ಟಾಗುವುದರೊಳಗೆ ಬಂದೂಕು ಸಿದ್ಧವಾಗಬೇಕು. ಕಲ್ಲಿನ ಸಪ್ಪಳದಲ್ಲಿ ಗಜದ ಸಪ್ಪಳವೂ ಮುಚ್ಚಿಹೋಗುತ್ತಿತ್ತು. ದಾರಿಯಲ್ಲಿ ಹೋಗುವವರಿಗೆ ಮುದುಕಿ ಬೀಸಾಕತ್ಯಾಳ ಎಂದಷ್ಟೇ ಅನಿಸುತ್ತಿತ್ತು.

“ಕಲ್ಲು ಸುಮ್ಮನಾತು. ಎಲ್ಲೋ ಬಂದೂಕು?” ಎಂದು ಅವಳು ಕೇಳುತ್ತಿದ್ದಳು.

“ಇನ್ನೊಂದು ಚಿಂದಿ ಅದ, ಆಯಿ.”

“ಹಂಗಾರ ಅವರಿಗಿ ಹೇಳು, ಇನ್ನೊಂದು ಚಿಂದಿ ಅದ, ಕುಂದರ್ರಿ, ನೀರು ಕುಡೀರಿ ಅಂತ!”

ಅಷ್ಟಕ್ಕೆ ಬಿಡುತ್ತಿರಲಿಲ್ಲ. ಒಲೆಗೆ ಒಣಮೆಣಸಿನಕಾಯಿ ಹಾಕಿ ಘಾಟು ಎಬ್ಬಿಸುತ್ತಿದ್ದಳು. ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಇಳಿಯುವಾಗ ಟೋಪಿ ತೊಡಿಸಬೇಕು. ಬೆನ್ನ ಮೇಲೆ ತಣ್ಣೀರು ಸುರಿಯುತ್ತಿದ್ದಳು. ಒಮ್ಮೊಮ್ಮೆ ಕಲ್ಲಿನ ಗೂಟ ಬಿಟ್ಟು ಎದ್ದು ಕಿವಿಯ ಹತ್ತಿರ ಬಾಯಿ ತಂದು ಚೀರುತ್ತಿದ್ದಳು:

“ಬಂದ್ರು! ನಿಮ್ಮವ್ವನ ಹಿಡಿದ್ರು! ಎಳಕೊಂಡು ಹೊಂಟ್ರು!”

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ಅಲ್ಲೇ ನಿಲ್ಲುತ್ತಿತ್ತು.

“ಅತ್ತಿ, ನಿಮ್ಮ ಕಾಲಿಗಿ ಬೀಳ್ತೀನಿ, ನನ್ನ ಹೆಸರು ತಗೀಬ್ಯಾಡ್ರಿ. ಆಡಿದ ಮಾತು ಒಮ್ಮೊಮ್ಮೆ ಖರೇನೇ ಆಗ್ತದ.”

“ನಿನ್ನ ಹೆಸರು ಕೇಳಿದ್ರೇ ಅವುಗಳ ಕೈ ನಡುಗೂದು. ನಡುಗೂದೆಲ್ಲಾ ಈಗೇ ನಡುಗಿ ಮುಗೀಲಿ.”

“ಮತ್ತ ನಿಮ್ಮ ಹೆಸರು ತಗೀರಿ.”

“ನನ್ನ ಎಳಕೊಂಡು ಹೋದ್ರ ಅವರಿಗೇ ತ್ರಾಸು.”

ಅಪ್ಪ ನಗುತ್ತಿದ್ದ. ಅವ್ವ ಸಿಟ್ಟಿನಿಂದ ರೊಟ್ಟಿಯನ್ನು ಹೆಂಚಿನ ಮೇಲೆ ಎಸೆಯುತ್ತಿದ್ದಳು. ಆ ದಿನಗಳ ಊಟದಲ್ಲೆಲ್ಲ ಮೆಣಸಿನ ಘಾಟಿನ ವಾಸನೆ. ಪುಂಡಿಪಲ್ಯ ಉಂಡರೂ ಗಂಟಲು ಉರಿಯುತ್ತಿತ್ತು.

ಅಣ್ಣ ನನಗಿಂತ ದೊಡ್ಡವನು, ಆಗಲೇ ಮೀಸೆ ಚಿಗುರುತ್ತಿತ್ತು. ಗುರಿ ಅವನದೇ. ಆದರೆ ಅವನ ಕೈ ನಿಧಾನ. ಬೇರೆಯವರು ಹೊಲಿದ ಕಂಬಳಿಯನ್ನು ಬಿಚ್ಚಿ ಮತ್ತೆ ಹೊಲಿಯುವಂಥವನು ಅವನು. ತನ್ನ ಕೈಯಿಂದ ಆದದ್ದೇ ಆಗಬೇಕು, ಸರಿಯಾಗಿಯೇ ಆಗಬೇಕು. ತಾಲೀಮಿಗೆ ನಿಜವಾದ ಮದ್ದು ಬಳಸುತ್ತಿರಲಿಲ್ಲ. ಇದ್ದದ್ದೇ ಕೊಂಚ, ಅದನ್ನು ಬಟ್ಟೆಯಲ್ಲಿ ಕಟ್ಟಿ ಗಡಿಗೆಯಲ್ಲಿಟ್ಟಿದ್ದರು. ಕೊಂಬು ಬರಿದು. ಆದರೂ ಅಣ್ಣ ಬರಿ ಕೊಂಬಿನ ಬಿರಡೆಯನ್ನು ಹಲ್ಲಿನಿಂದ ಕಚ್ಚಿ ಎಳೆದು, ಕೊಂಬನ್ನು ಬಂದೂಕಿನ ಬಾಯಿಗೆ ಬಗ್ಗಿಸಿ, ಮದ್ದು ಬೀಳುವಷ್ಟು ಹೊತ್ತು ಕಾದು, ಮತ್ತೆ ಬಿರಡೆ ಒತ್ತುತ್ತಿದ್ದ. ಅಷ್ಟರಲ್ಲಿ ಕಲ್ಲು ನಿಂತಿರುತ್ತಿತ್ತು. ಒಂದು ದಿನ ಅಪ್ಪ ಅವನ ಕೈಯಿಂದ ಕೊಂಬು ಕಸಿದು ನನ್ನ ಮಡಿಲಿಗೆ ಹಾಕಿದ.

“ನಿಂಗಿ, ನೀ ತುಂಬು. ನೋಡೂಣು.”

ನಾನು ತುಂಬಿದೆ. ಕಲ್ಲು ಇನ್ನೂ ತಿರುಗುತ್ತಿತ್ತು. ಆಯಿ ಕಲ್ಲು ಬಿಟ್ಟು ನನ್ನ ಮುಖ ನೋಡಿದಳು. ಅಪ್ಪ ತೊಡೆ ತಟ್ಟಿದ.

“ಇಕಿ ನೋಡು! ಇಕಿ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ. ನೀ ಎಲ್ಲಿಂದ ಬಂದಿಯೋ!”

“ಎಪ್ಪಾ, ನನ್ನ ಬಂದೂಕು ನಾನೇ ತುಂಬ್ತೀನಿ” ಎಂದ ಅಣ್ಣ.

“ನೀ ತುಂಬೂದ್ರಾಗ ಅವರು ನಮ್ಮ ಕುರಿ ಕೊಯ್ದು ಉಂಡು ಕೈ ತೊಳಕೋತಾರ. ನೀ ಹೊಡಿ. ಇಕಿ ತುಂಬ್ತಾಳ.”

ಹೆಣ್ಣುಮಕ್ಕಳನ್ನು ಹೊಗಳುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ಅಣ್ಣ ಶಹಾಪುರದ ಉರ್ದು ಶಾಲೆಗೆ ಹೋಗಿ ಬಂದವನು. ನಾನು ಪೇಟೆಯ ಪಂತೋಜಿಯ ಮುಂದೆ ಒಂದು ಬೇಸಿಗೆ ಮರಳಲ್ಲಿ ಅಕ್ಷರ ತೀಡಿದ್ದು, ಅಷ್ಟೇ. ಆ ಕಾರಣಕ್ಕೋ ಏನೋ, ಅಪ್ಪನ ಆ ಮಾತು ನನಗೆ ತಲೆಗೇರಿತು. ಮರುದಿನ ಇನ್ನೂ ಬೇಗ, ಅದರ ಮರುದಿನ ಇನ್ನೂ ಬೇಗ ತುಂಬಬೇಕೆನಿಸಿತು. ಹಿಡಿಯಲ್ಲಿ ಅರ್ಧ ಜೋಳ ಉಳಿಯಬೇಕು, ಆಯಿ ಬಾಯಿ ತೆರೆದು ನೋಡಬೇಕು.

ಶ್ರಾವಣದ ಜಿಟಿಜಿಟಿ ಹತ್ತಿತ್ತು. ಮದ್ದು ಕಾಯುವ ಕೆಲಸ ಅಣ್ಣನದು. ಬಿಸಿಲು ಕಂಡಾಗ ಮಾಳಿಗೆಯ ಮೇಲೆ ಬಟ್ಟೆ ಹಾಸಿ ಒಣಗಿಸಿ, ಮೋಡ ಕಂಡರೆ ಓಡಿಹೋಗಿ ತರುತ್ತಿದ್ದ. ತೇವ ಒಳಗೆ ಹೋಗಬಾರದೆಂದು ಕೊಂಬಿಗೆ ಜಾಲಿಯ ಹೊಸ ಬಿರಡೆ ಕೆತ್ತಿ, ಮೇಣ ಹಚ್ಚಿದ ಬಟ್ಟೆ ಸುತ್ತಿ, ಬಿಗಿಯಾಗಿ ಕೂಡಿಸಿದ. ಅದನ್ನು ಎಳೆಯುವಾಗ ನನ್ನ ಮುಂದಿನ ಹಲ್ಲಿಗೆ ನೋವು ಹತ್ತುತ್ತಿತ್ತು, ಹೊತ್ತೂ ಹೋಗುತ್ತಿತ್ತು. ಕೊಂಬು ಹೇಗೂ ಬರಿದೇ. ನಾನು ಅದನ್ನು ಬಾಯಿಗೆ ತಂದು, ತುಟಿ ತಾಗಿಸಿ, ಬಿರಡೆ ತೆಗೆದ ಹಾಗೆ ತಲೆ ಕೊಡವಿ, ಹಾಗೆಯೇ ಬಗ್ಗಿಸಿ ಕೆಳಗೆ ಬಿಡತೊಡಗಿದೆ. ಯಾರಿಗೂ ಕಾಣಲಿಲ್ಲ. ಆಯಿಯ ಕಣ್ಣು ಕಲ್ಲಿನ ಮೇಲೆ, ಅಪ್ಪನ ಕಣ್ಣು ಗಜದ ಮೇಲೆ. ಘಾಟಿನಲ್ಲಿ, ಚೀರಾಟದಲ್ಲಿ, ಬೆನ್ನಿಗೆ ನೀರು ಬೀಳುವಾಗ ನನ್ನ ಕೈ ಅದನ್ನೇ ಮತ್ತೆ ಮತ್ತೆ ಮಾಡಿತು. ಕೆಲವೇ ದಿನಗಳಲ್ಲಿ ನಾನು ಮೋಸ ಮಾಡುತ್ತಿದ್ದೇನೆ ಎಂಬುದೂ ನನಗೆ ನೆನಪಿರಲಿಲ್ಲ. ಬಂದೂಕು ತುಂಬುವುದೆಂದರೆ ಅದೇ ಎಂದು ನನ್ನ ಕೈ ಕಲಿತುಬಿಟ್ಟಿತ್ತು.

ಅವರು ಬಂದದ್ದು ನಡುಹಗಲಲ್ಲಿ. ಮಳೆ ನಿಂತು ಬಿಸಿಲು ಬಿದ್ದಿತ್ತು. ಪೇಟೆಯ ಗಂಡಸರು ಹೊಲದಲ್ಲಿದ್ದರು. ಅವ್ವ ಹಟ್ಟಿಯಲ್ಲಿ ಕಾಲು ಮುರಿದ ಕುರಿಗೆ ಕಟ್ಟು ಕಟ್ಟುತ್ತಿದ್ದಳು. ಶಹಾಪುರದ ದಾರಿಯಲ್ಲಿ ಕುದುರೆಗಳು ಕಂಡಾಗ ಅಪ್ಪ ನಮ್ಮಿಬ್ಬರನ್ನು ಮಾಳಿಗೆಗೆ ಹತ್ತಿಸಿ ತಾನೂ ಹತ್ತಿದ. ಬಂದೂಕಿನಲ್ಲಿ ಅಪ್ಪನೇ ಬೆಳಿಗ್ಗೆ ತುಂಬಿಟ್ಟ ಗುಂಡು ಇತ್ತು. ಕೊಂಬಿನಲ್ಲಿ ಒಣ ಮದ್ದು ತುಂಬಿತ್ತು. ಅಣ್ಣ ಮಾಳಿಗೆಯ ಅಂಚಿನ ಕುಂಬಿಗೋಡೆಯ ಹಿಂದೆ ಮೊಣಕಾಲೂರಿ ಅವರ ತಲೆಯ ಮೇಲಿಂದ ಒಂದು ಗುಂಡು ಬಿಟ್ಟ. ಕುದುರೆಗಳು ಬೆದರಿ ಹಿಂದೆ ಸರಿದವು. ಆ ಸಪ್ಪಳಕ್ಕೇ ಅವರು ಹೋಗುತ್ತಾರೆಂದು ಅಪ್ಪ ಅಂದುಕೊಂಡಿದ್ದ. ಅವರು ಹೋಗಲಿಲ್ಲ. ಹುಣಸೆಮರದ ಮರೆಗೆ ಇಳಿದು, ಇಬ್ಬರು ನಡೆಯುತ್ತಲೇ ಹಟ್ಟಿಯ ಕಡೆ ಬಂದರು. ಒಬ್ಬನ ಕೈಯಲ್ಲಿ ಕೊಡಲಿ.

“ಯಲ್ಲಿ ಅದಾಳ ನಿಮ್ಮವ್ವ?” ಎಂದ ಅಪ್ಪ. ನಾವು ಹೇಳುವುದರೊಳಗೆ ಹಟ್ಟಿಯಲ್ಲಿದ್ದ ಅವಳನ್ನು ಅವನೇ ಕಂಡ. ಏಣಿಯನ್ನೂ ಹುಡುಕದೆ ಮಾಳಿಗೆಯಿಂದ ಜಿಗಿದ.

ನಾನು ತುಂಬುತ್ತಿದ್ದೆ. ಹೆದರಿಕೆ ಆಗಲಿಲ್ಲ, ಅದನ್ನೇ ಹೇಳಬೇಕು. ಆಯಿ ಕಲಿಸಿದ್ದು ಸುಳ್ಳಾಗಲಿಲ್ಲ. ಕೆಳಗೆ ಅವ್ವ ನಿಜವಾಗಿಯೇ ಚೀರುತ್ತಿದ್ದರೂ ನನ್ನ ಕೈ ನಡುಗಲಿಲ್ಲ. ಕೊಂಬು ಬಾಯಿಗೆ ಬಂತು, ತಲೆ ಕೊಡವಿದೆ, ಬಗ್ಗಿಸಿದೆ, ಬಿಟ್ಟೆ. ಚಿಂದಿ, ಗುಂಡು, ಚಿಂದಿ, ಗಜ, ಟೋಪಿ. ಅಡುಗೆಮನೆಯಲ್ಲಿಯೂ ಅಷ್ಟು ಬೇಗ ಎಂದೂ ತುಂಬಿರಲಿಲ್ಲ. ಅಣ್ಣನ ಕೈಗೆ ಕೊಟ್ಟೆ. ಕೊಡಲಿಯವನು ಅವ್ವನನ್ನು ಬಿಟ್ಟು ಅಪ್ಪನ ಕಡೆ ತಿರುಗಿದ್ದ. ಅಣ್ಣ ಉಸಿರು ಹಿಡಿದ. ಅಷ್ಟು ಹತ್ತಿರದ ಗುರಿ ಅವನಿಗೆ ತಪ್ಪುವಂಥದ್ದಲ್ಲ.

ಚಟ್ ಎಂದಿತು. ಅಷ್ಟೇ.

“ಟೋಪಿ! ಇನ್ನೊಂದು ಟೋಪಿ ಕೊಡು!”

ಕೊಟ್ಟೆ. ಮತ್ತೆ ಚಟ್ ಎಂದಿತು. ಕೆಳಗೆ ಅಪ್ಪ ತಲೆಗೆ ಬಂದ ಕೊಡಲಿಗೆ ಬಲಗೈ ಅಡ್ಡ ಕೊಟ್ಟ.

ಪೇಟೆಯ ಹೆಂಗಸರೂ ಮುದುಕರೂ ಕವಣೆ, ಕಲ್ಲು, ಒನಕೆ ಹಿಡಿದು ಕೂಗುತ್ತ ಬಂದದ್ದರಿಂದ ಕುದುರೆಯವರು ಕುರಿಗಳಲ್ಲಿ ಅರ್ಧದಷ್ಟನ್ನೇ ಹೊಡೆದುಕೊಂಡು ಹೋದರು. ಅಪ್ಪ ಉಳಿದ. ಶಹಾಪುರದಿಂದ ಕರೆತಂದ ವೈದ್ಯ ಗಾಯ ಹೊಲಿದು ಕಟ್ಟಿದ, ಗಾಯ ಮಾಯಿತು. ಆದರೆ ಮೊಣಕೈಯ ಕೆಳಗಿನ ನರ ಸತ್ತಿತ್ತು. ಬಳ್ಳಿಯ ಮೇಲೆ ಒಣಗಿದ ಹೀರೇಕಾಯಿಯ ಹಾಗೆ ಕೈ ಜೋತುಬಿದ್ದಿತು.

ಅವರು ಬಂದುಹೋದ ದಿನದ ಸಂಜೆಯೇ, ಎಲ್ಲರೂ ಅಪ್ಪನ ಸುತ್ತ ಇದ್ದಾಗ, ಅಣ್ಣ ನನ್ನನ್ನು ಹಟ್ಟಿಯ ಗೋಡೆಯ ಹತ್ತಿರ ಕರೆದ.

“ನಿಂಗಿ, ಮದ್ದು ಬಿತ್ತಲ್ಲ?”

“ಬಿತ್ತು” ಎಂದೆ.

“ನೋಡಿದೇನು?”

“ನೋಡೇನಿ.”

ಹಾಗೆ ಹೇಳುವಾಗ ನನಗೆ ಗೊತ್ತಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಖರೆಯಲ್ಲ. ಅವನು ಕರೆಯುವ ಮುಂಚೆಯೇ ನಾನು ಮಾಳಿಗೆಗೆ ಹತ್ತಿ ಕೊಂಬನ್ನು ತಂದಿದ್ದೆ. ಬಿರಡೆ ಎಷ್ಟು ಬಿಗಿಯಾಗಿ ಕೂತಿತ್ತೆಂದರೆ ಎರಡು ಕೈ ಹಾಕಿ ತಿರುವಬೇಕಾಯಿತು. ಒಳಗೆ ಮದ್ದು ಕಂಠದವರೆಗೂ ಇತ್ತು.

ಅಪ್ಪನಿಗೆ ಎಚ್ಚರ ಬಂದಾಗ ಅವನ ಮೊದಲ ಮಾತು ಮದ್ದಿನದೇ.

“ಬಿಸಲಿಗಿ ಹಾಕಲಿಲ್ಲ ನೀ. ತೇವ ಹಿಡೀತು.”

“ಹಾಕಿದ್ದೆ, ಎಪ್ಪಾ. ದಿನಾ ಹಾಕಿದ್ದೆ.” ಅಣ್ಣ ಓಡಿಹೋಗಿ ಕೊಂಬಿನಿಂದ ಒಂದು ಚಿಟಿಕೆ ಮದ್ದು ತಂದು ಒಲೆಯ ಕೆಂಡಕ್ಕೆ ಎಸೆದ. ಅದು ಭಗ್ ಎಂದು ಹೊತ್ತಿತು. “ನೋಡ್ರಿ! ಒಣಾನೇ ಅದ!”

“ಈಗ ಒಣಗ್ಯಾದ. ನನ್ನ ಕೈ ಹೋದ ಮ್ಯಾಲ ಒಣಗ್ಯಾದ.”

“ಬಂದೂಕು ಬಿಚ್ಚಿ ನೋಡೂಣು, ಒಳಗಿಂದು ಹ್ಯಾಂಗದ ಅಂತ.”

“ಅದಕ್ಕ ಕೈ ಹಚ್ಚಬ್ಯಾಡ. ಹಚ್ಚಿದ್ರ ಈ ಮನ್ಯಾಗ ನಿನಗ ಅನ್ನ ಇಲ್ಲ.”

ಟೋಪಿ ತೆಗೆದು, ಒಳಗಿನ ಗುಂಡು ಹಾಗೆಯೇ ಇರಲು, ಬಂದೂಕನ್ನು ಆಯಿ ಜಂತಿಗೆ ಕಟ್ಟಿದಳು. ಅಡುಗೆಮನೆಯಲ್ಲಿ ನಾವು ಉಣ್ಣುವ ಜಾಗದ ಮೇಲೆಯೇ ಅದು ತೂಗುತ್ತಿತ್ತು.

ಎಡಗೈಯಲ್ಲಿ ಉಣ್ಣುವುದು ಅಪ್ಪನಿಗೆ ಆಗಲಿಲ್ಲ. ಹೊಲಸು ತೊಳೆಯುವ ಕೈಯಿಂದ ಅನ್ನ ಮುಟ್ಟಲಾರೆ ಎಂದು ಹಟ ಹಿಡಿದ. ಅವ್ವ ಉಣಿಸಲು ಹೋದರೆ ಹೆಂಡತಿಯ ಕೈಯಿಂದ ಕೂಸಿನ ಹಾಗೆ ಉಣ್ಣಲು ನಾಚಿಕೆ. ಕೊನೆಗೆ ಆ ಕೆಲಸ ನನ್ನ ಪಾಲಿಗೆ ಬಂತು. ರೊಟ್ಟಿ ಮುರಿದು, ಖಾರದ ಹಿಂಡಿ ಹಚ್ಚಿ, ತುತ್ತು ಮಾಡಿ ಬಾಯಿಗಿಡುತ್ತಿದ್ದೆ. ಅವನು ಅಗಿಯುವಾಗ ನನ್ನ ಮುಖವನ್ನೇ ನೋಡುತ್ತಿದ್ದ. ಅಣ್ಣ ಬಾಗಿಲ ಹೊರಗೆ ಕೂತು ಉಣ್ಣತೊಡಗಿದ್ದ. ಯಾರೂ ಅವನಿಗೆ ಹೊರಗೆ ಕೂಡು ಎಂದಿರಲಿಲ್ಲ. ಒಳಗೆ ಬಂದು ಕೂಡು ಎಂದೂ ಅನ್ನಲಿಲ್ಲ. ಅವ್ವ ಒಂದೆರಡು ಸಲ ತಾಟು ಒಳಗೆ ಬಡಿಸಿಟ್ಟಳು. ಅವನು ತಾಟು ಎತ್ತಿಕೊಂಡು ಹೊರಗೆ ಹೋದ. ಕಡೇಚೂರಿನಲ್ಲಿದ್ದ ಸೋದರಮಾವನ ಕುರಿ ಕಾಯಲು ಅವನನ್ನು ಕಳಿಸುವ ಮಾತನ್ನು ಅಪ್ಪ ಎತ್ತಿದ.

“ಮನಿ ಮಗನ್ನ ಜೀತಕ್ಕ ಕಳಸ್ತೀಯೇನೋ?” ಎಂದು ಆಯಿ ಕೇಳಿದಳು.

“ಇದ್ದ ಕುರಿ ಕಾಯಲಿಲ್ಲ, ಇದ್ದ ಮದ್ದು ಕಾಯಲಿಲ್ಲ. ಅಲ್ಲಿ ಏನರೆ ಕಾಯಲಿ.”

“ಬಂದೂಕು ಬಿಚ್ಚಿ ನೋಡಿ ಕಳಸ್ರಿ, ಎಪ್ಪಾ. ಆಮ್ಯಾಲ ಎಲ್ಲಿಗಿ ಬೇಕಾದ್ರೂ ಹೋಗ್ತೀನಿ” ಎಂದು ಅಣ್ಣ ಬಾಗಿಲ ಆಚೆಯಿಂದಲೇ ಹೇಳಿದ. ಅವನಿಗೆ ಉಳಿದದ್ದು ಅದೊಂದೇ ಆಸೆ. ಒಳಗಿನ ಮದ್ದು ಒಣಗಿದ್ದು ಕಂಡರೆ, ಕಿಡಿ ಹಾಯುವ ಬಂದೂಕಿನ ಕಿವಿ ಕಟ್ಟಿತ್ತು, ಟೋಪಿ ಹಳೆಯದಿತ್ತು, ಏನೋ ಒಂದು, ತನ್ನ ತಪ್ಪಿಲ್ಲ ಎಂದಾದರೂ ಆಗುತ್ತದೆ. ಅವನು ಜಂತಿಯ ಕಡೆ ನೋಡಿದಾಗಲೆಲ್ಲ ನನ್ನ ಕೈಯ ತುತ್ತು ಕೆಳಗೆ ಬೀಳುತ್ತಿತ್ತು.

ಹಿಂದುಸ್ತಾನದ ಫೌಜು ಬಂತು, ನಿಜಾಮರ ರಾಜ್ಯ ಹೋಯಿತು. ಎಲ್ಲರಿಗೂ ಅದು ದೊಡ್ಡ ಸುದ್ದಿ. ಪೇಟೆಯಲ್ಲಿ ಸಕ್ಕರೆ ಹಂಚಿದರು. ನಮ್ಮ ಮನೆಯಲ್ಲಿ ಆ ಸಕ್ಕರೆಯನ್ನು ಯಾರು ಯಾರ ಬಾಯಿಗೆ ಹಾಕಬೇಕೆಂದು ತಿಳಿಯದೆ ಎಲ್ಲರೂ ಕೈಯಲ್ಲೇ ಹಿಡಿದು ನಿಂತಿದ್ದೆವು. ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ಬಂದಾಗ ಡಂಗುರ ಹೊಡೆಸಿದರು: ಮನೆಯಲ್ಲಿ ಬಂದೂಕು ಇದ್ದವರು ಸುರಪುರಕ್ಕೆ ತಂದು ಜಮಾ ಮಾಡಬೇಕು. ಅಪ್ಪ ಆಯಿಗೆ ಹೇಳಿ ಬಂದೂಕು ಇಳಿಸಿದ. ಅವನ ಕೈ ಆಗದ್ದರಿಂದ ಅಣ್ಣ ಹೊತ್ತ. ದಾರಿಯಲ್ಲಿ ಅಪ್ಪನಿಗೆ ನೀರು ಕುಡಿಸಲು, ರುಮಾಲು ಸುತ್ತಲು ನಾನು ಹೋದೆ.

ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಒಬ್ಬ ದಫೇದಾರ ಕೂತಿದ್ದ. ಹೊರಗಿನಿಂದ ಬಂದವನು, ಅರ್ಧ ದಖನಿ ಅರ್ಧ ಕನ್ನಡ ಮಾತನಾಡುತ್ತಿದ್ದ. ಅವನ ಮುಂದೆ ಹಳೆಯ ಬಂದೂಕುಗಳು ಕಟ್ಟಿಗೆಯ ಹೊರೆಯ ಹಾಗೆ ಬಿದ್ದಿದ್ದವು. ಪೇಟೆಯವರೂ ಬೇರೆ ಊರವರೂ ಸುತ್ತ ನಿಂತಿದ್ದರು.

“ತುಂಬಿದ್ದೋ, ಖಾಲಿಯೋ?” ಎಂದ.

“ತುಂಬ್ಯಾದ ಸಾಹೇಬ್ರ” ಎಂದು ಅಣ್ಣ ಮುಂದೆ ಹೋದ. “ಹಾರಲಿಲ್ಲ. ಬಿಚ್ಚಿ ನೋಡ್ರಿ. ಒಳಗಿನ ಮದ್ದು ನಮ್ಮಪ್ಪಗ ತೋರಸ್ರಿ.”

“ನೀನ್ಯಾಕೋ ಇಷ್ಟು ಗಡಿಬಿಡಿ ಮಾಡ್ತಿ? ಒಳಗ ಬಂಗಾರ ಇಟ್ಟೀಯೇನು?”

ಜನ ನಕ್ಕರು. ಅಣ್ಣನೂ ನಕ್ಕ. ಕೊಡಲಿಯ ದಿನದಿಂದ ಈಚೆಗೆ ಅವನ ಹಲ್ಲು ಕಂಡದ್ದು ಆಗಲೇ. ದಫೇದಾರ ಗಜದ ತುದಿಗೆ ತಿರುಪಿನ ಮೊಳೆ ಕೂಡಿಸಿ ಬಂದೂಕಿನ ಬಾಯೊಳಗೆ ತಿರುವಿದ. ಮೇಲಿನ ಚಿಂದಿ ಬಂತು. ಆಮೇಲೆ ಗುಂಡು ಉರುಳಿ ಅವನ ಅಂಗೈಗೆ ಬಿತ್ತು. ಕೆಳಗಿನ ಚಿಂದಿ ಬಂತು. ಅಪ್ಪ ಬಗ್ಗಿ ನಿಂತಿದ್ದ. ಅಣ್ಣ ತನ್ನ ಧೋತರದ ಸೆರಗನ್ನು ಬಂದೂಕಿನ ಬಾಯಿಯ ಕೆಳಗೆ ಹಿಡಿದಿದ್ದ, ಮದ್ದು ನೆಲಕ್ಕೆ ಬೀಳಬಾರದೆಂದು. ದಫೇದಾರ ಬಂದೂಕನ್ನು ತಲೆಕೆಳಗು ಮಾಡಿ ತಟ್ಟಿದ. ಮತ್ತೆ ತಟ್ಟಿದ.

“ಅರೇ!” ಎಂದ. “ಇದರಾಗ ಬಾರೂದೇ ಇಲ್ಲಲ್ಲೋ! ಗುಂಡು ಹಾಕೀರಿ, ಚಿಂದಿ ಹಾಕೀರಿ, ಮದ್ದು ಏನು ಊಟಕ್ಕ ಹಚ್ಕೊಂಡು ತಿಂದ್ರೇನು?”

ಸುತ್ತಲಿನವರು ಬಿದ್ದು ಬಿದ್ದು ನಕ್ಕರು. ಅಣ್ಣ ತನ್ನ ಸೆರಗನ್ನು ನೋಡಿದ, ಬಿಳಿಯಾಗಿಯೇ ಇತ್ತು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ದೂರದಿಂದ ಬರುವವರು ನಮ್ಮವರೋ ಅಲ್ಲವೋ ಎಂದು ನೋಡುತ್ತೇವಲ್ಲ, ಹಾಗೆ ನೋಡುತ್ತಿದ್ದ.

ಅಪ್ಪ ನನ್ನ ಕಡೆ ತಿರುಗಿದ.

“ನಿಂಗಿ, ತುಂಬಿದಾಕಿ ನೀ ಅಲ್ಲೇನು?”

ಉತ್ತರಕ್ಕೆ ಬೇಕಾದಷ್ಟು ಹೊತ್ತು ಇತ್ತು. ಯಾರೂ ಅವಸರ ಮಾಡಲಿಲ್ಲ. ದಫೇದಾರ ಬೀಡಿ ಹಚ್ಚಿಕೊಂಡ, ಕಡ್ಡಿ ಆರಿಸಿ ಎಸೆದ. ಬೇವಿನ ಎಲೆಯೊಂದು ಅಪ್ಪನ ಜೋತುಬಿದ್ದ ಕೈಯ ಮೇಲೆ ಬಿತ್ತು. ಅವನಿಗೆ ಅದು ತಿಳಿಯಲಿಲ್ಲ. ನಾನು ಆ ಎಲೆಯನ್ನೇ ನೋಡುತ್ತ ನಿಂತೆ. ಹೌದು ಎಂಬ ಒಂದು ಮಾತು ನನ್ನ ಬಾಯಲ್ಲಿ ಬಂದು ಕೂತಿತ್ತು. ಅದನ್ನು ಹೇಳಿದರೆ, ನಾಳೆ ಬೆಳಿಗ್ಗೆ ನಾನು ತುತ್ತು ಹಿಡಿದಾಗ ಅಪ್ಪ ಬಾಯಿ ತೆರೆಯುವುದಿಲ್ಲ ಎಂಬುದಷ್ಟೇ ಕಾಣುತ್ತಿತ್ತು.

“ಆಕಿ ಅಲ್ಲ” ಎಂದ ಅಣ್ಣ. “ಆ ದಿನ ಆಕಿ ಕೈಯಾಗಿಂದ ಕಸಕೊಂಡು ನಾನೇ ತುಂಬಿದೆ.”

ಅಪ್ಪ ನಂಬಿದ. ನನ್ನ ಬಂದೂಕು ನಾನೇ ತುಂಬುತ್ತೇನೆ ಎಂದು ಅಣ್ಣ ಎಷ್ಟು ಸಲ ಜಗಳ ತೆಗೆದಿರಲಿಲ್ಲ? ಅಪ್ಪ ಅವನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ತೇವದ ಮದ್ದಿಗೆ ಮಳೆಯನ್ನಾದರೂ ದೂರಬಹುದಿತ್ತು. ಇದಕ್ಕೆ ದೂರಲು ಬೇರೆ ಯಾರೂ ಇರಲಿಲ್ಲ. ನಾವು ರಂಗಂಪೇಟೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಕಟ್ಟೆಯ ಮೇಲಿನ ಹುಡುಗರು “ಮದ್ದಿಲ್ಲದ ಹಣಮ್ಯಾ” ಎಂದು ಕೂಗಿದರು. ಆ ಹೆಸರು ಅವನ ಮದುವೆಯ ಹಂದರಕ್ಕೂ ಹೋಯಿತು, ಅವನು ತೀರಿಕೊಂಡಾಗ ಮಾತನಾಡಿಸಲು ಬಂದವರ ಬಾಯಲ್ಲೂ ಇತ್ತು. ನಾನು ಮದುವೆಯಾಗಿ ಯಾದಗಿರಿಗೆ ಬಂದ ಮೇಲೆ, ಅವನ ಗುರುತು ಹೇಳಲು ನನ್ನ ಎದುರಿಗೇ ಜನ ಆ ಹೆಸರು ಹಿಡಿದು ಕರೆದಿದ್ದಾರೆ. ಹೌದು, ಅವನೇ ನಮ್ಮಣ್ಣ ಎಂದಿದ್ದೇನೆ.

ಆ ದಿನ ಮನೆಗೆ ಬಂದೊಡನೆ ಅಪ್ಪ ಬಾಗಿಲಲ್ಲೇ ನಿಂತು ಹೇಳಿದ:

“ಇವತ್ತೇ ಹೋಗಲಿ. ನಾ ಉಂಡು ಏಳೂದ್ರಾಗ ಹೋಗಿರಲಿ.”

ಅವ್ವ ಅಳುತ್ತ ಬುತ್ತಿ ಕಟ್ಟಿದಳು. ಆಯಿ ಬೀಸುವ ಕಲ್ಲಿನ ಮುಂದೆ ಕೂತಳು, ಬೀಸಲಿಲ್ಲ. ಅಣ್ಣ ಅಂಗಳದಲ್ಲಿ ಕಂಬಳಿ ಮಡಚಿ ಬುತ್ತಿಯ ಗಂಟಿನ ಜೊತೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ನಾನು ಅವನ ಹತ್ತಿರ ಹೋದೆ.

“ಅಣ್ಣಾ, ಯಾಕ ಹಂಗ ಹೇಳಿದಿ?”

“ನೀ ಹೇಳ್ತಿ ಅಂತ ನಿಂತಿದ್ದೆ. ಭಾಳ ಹೊತ್ತು ನಿಂತೆ. ನೀ ಹೇಳಲಿಲ್ಲ.”

“ಬಿರಡಿ ತಗೀಲಿಲ್ಲ ನಾ. ತಾಲೀಮಿನ್ಯಾಗೂ ತಗೀತಿದ್ದಿಲ್ಲ. ಕೈಗಿ ಅದೇ ರೂಢಿ ಆಗಿತ್ತು.”

ಅವನು ಹೆಗಲ ಮೇಲಿನ ಕಂಬಳಿಯನ್ನು ಸರಿಮಾಡಿಕೊಂಡ.

“ನಾ ಅದನ್ನ ಅಷ್ಟು ಬಿಗಿ ಕೂಡಸಬಾರದಿತ್ತು” ಎಂದ. ನನ್ನನ್ನು ಬಿಡಿಸಲು ಹೇಳಿದ ಮಾತಲ್ಲ ಅದು. ಅವನಿಗೆ ನಿಜವಾಗಿಯೂ ಹಾಗೆ ಅನಿಸಿತ್ತು.

“ಈಗ ಹೇಳ್ಲೇನು, ಅಪ್ಪಗ?”

“ಹೇಳು.”

“ನೀ ಹೋಗಬ್ಯಾಡ ಮತ್ತ.”

“ಹೇಳಿ ಬಾ. ಇಲ್ಲೇ ನಿಂತಿರ್ತೀನಿ.” ಬುತ್ತಿಯ ಗಂಟನ್ನು ಹೆಗಲಿನಿಂದ ಇಳಿಸಿ ಕಟ್ಟೆಯ ಮೇಲೆ ಇಟ್ಟ.

ನಾನು ಒಳಗೆ ಹೋದೆ. ಅವ್ವ ತಾಟು ಇಟ್ಟಿದ್ದಳು. ಅಪ್ಪ ಗೋಡೆಗೆ ಒರಗಿ ಕೂತಿದ್ದ. ದಾರಿ ನಡೆದು ದಣಿದಿದ್ದ. ರುಮಾಲು ಬಿಚ್ಚಿದ ತಲೆಯಲ್ಲಿ ಕೂದಲು ಬೆಳ್ಳಗಾದದ್ದು ಕಂಡಿತು. ನಾನು ಎದುರಿಗೆ ಕೂತೆ. ಎಪ್ಪಾ ಎಂದೆ. ಅವನು ಹೂಂ ಎಂದು, ನಾನು ಕರೆದದ್ದು ಉಣ್ಣಲಿಕ್ಕೆ ಎಂದುಕೊಂಡು, ಕಣ್ಣು ಮುಚ್ಚಿಯೇ ಬಾಯಿ ತೆರೆದ. ತೆರೆದ ಬಾಯಿಗೆ ಏನು ಹೇಳಬೇಕು? ಮೊದಲ ತುತ್ತು ಇಟ್ಟೆ. ಇದು ಆಗಲಿ, ಹೇಳುತ್ತೇನೆ ಎಂದುಕೊಂಡೆ. ಇನ್ನೊಂದು ಇಟ್ಟೆ. ಅವನು ನಿಧಾನವಾಗಿ ಅಗಿಯುತ್ತಿದ್ದ. ನೀರು ಕೇಳಿದ, ಕುಡಿಸಿದೆ. ಮಜ್ಜಿಗೆಗೆ ನುಚ್ಚು ಕಲಸಿದೆ. ಅದನ್ನೂ ಉಂಡ. ಅವನ ತುಟಿ ಒರೆಸಿ, ತಾಟು ಎತ್ತಿಕೊಂಡು, ತೊಳೆಯಲು ಹೊರಗೆ ಬಂದೆ.

ಅಂಗಳದಲ್ಲಿ ಯಾರೂ ಇರಲಿಲ್ಲ. ಕಟ್ಟೆಯ ಮೇಲಿನ ಗಂಟೂ ಇರಲಿಲ್ಲ.